ಕೊಡುವ ಕೈ, ಪಡೆಯುವ ಪಾತ್ರೆ

ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಮಾತು. ದಾನಿಯನ್ನು ಹೊಗಳುವುದರಲ್ಲಿ ನಮ್ಮ ಪುರಾಣಗಳೂ ಕಾವ್ಯಗಳೂ ದಣಿದದ್ದೇ ಇಲ್ಲ. ಬಲಿ, ಶಿಬಿ, ದಧೀಚಿ, ಕರ್ಣ ಇವರ ಹೆಸರುಗಳು ಅಕ್ಷರವರಿಯದವರ ನಾಲಗೆಯ ಮೇಲೂ ನಿಂತಿವೆ. ಆದರೆ ಅವರಿಂದ ಪಡೆದವರ ಪಾಡನ್ನು ನೋಡಿರಿ. ಬಲಿಯ ಬಳಿಗೆ ಬಂದ ವಿಷ್ಣು ಕುಳ್ಳ ವಟುವಾಗಿ ಬಂದನು. ಕರ್ಣನ ಬಳಿಗೆ ಬಂದ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದನು. ಕೈಯೊಡ್ಡಬೇಕಾಗಿ ಬಂದಾಗ ದೇವತೆಗಳೂ ವೇಷ ಮರೆಸಿಕೊಳ್ಳಬೇಕಾಯಿತು. ಪಡೆಯುವುದರಲ್ಲಿ ಅಂಥದೊಂದು ಸಂಕೋಚವಿದೆ. ಆ ಸಂಕೋಚಕ್ಕೆ ಕನ್ನಡದಲ್ಲಿ ಚಿಕ್ಕದಾದರೂ ಚೂಪಾದ ಒಂದು ಹೆಸರುಂಟು: ಹಂಗು. ಇನ್ನೊಬ್ಬರ ಹಂಗಿನಲ್ಲಿ ಬಾಳಬಾರದು ಎಂದು ನಮ್ಮ ಹಿರಿಯರು ಮಕ್ಕಳಿಗೆ ಹೇಳಿಕೊಟ್ಟರು. ಹಂಗಿಲ್ಲದೆ ಪಡೆಯುವುದು ಹೇಗೆ ಎಂಬುದನ್ನು ಮಾತ್ರ ಅಷ್ಟಾಗಿ ಹೇಳಿಕೊಡಲಿಲ್ಲ.

ಈ ಎರಡನೆಯ ಪಾಠವನ್ನು ಬಹು ಗಂಭೀರವಾಗಿ ಕೈಗೆತ್ತಿಕೊಂಡ ಧರ್ಮ ಬೌದ್ಧಧರ್ಮ. ದಾನವನ್ನು ಎಲ್ಲ ಧರ್ಮಗಳೂ ಬೋಧಿಸಿವೆ. ಬೌದ್ಧಧರ್ಮವು ದಾನವನ್ನು ಬೋಧಿಸಿದಷ್ಟೇ ಶ್ರದ್ಧೆಯಿಂದ ಸ್ವೀಕಾರವನ್ನೂ ಒಂದು ಶಿಸ್ತನ್ನಾಗಿ, ಒಂದು ಹೊಣೆಯನ್ನಾಗಿ ರೂಪಿಸಿತು. ಈ ವಿಚಾರವನ್ನು ಕೆಲವು ಪ್ರಸಂಗಗಳ ಮೂಲಕ ತಮ್ಮ ಮುಂದಿಡಬೇಕೆಂಬುದು ನನ್ನ ಉದ್ದೇಶ.

ಜ್ಞಾನೋದಯದ ಬಳಿಕ ಬುದ್ಧನು ಮೊದಲ ಬಾರಿಗೆ ತನ್ನ ಊರಾದ ಕಪಿಲವಸ್ತುವಿಗೆ ಬಂದಾಗ ನಡೆದ ಸಂಗತಿಯನ್ನು ಜಾತಕಗಳ ಪೀಠಿಕೆಯಾದ ನಿದಾನಕಥೆ ಹೇಳುತ್ತದೆ. ಬೆಳಗ್ಗೆ ಅವನು ಪಾತ್ರೆ ಹಿಡಿದು ಮನೆಯಿಂದ ಮನೆಗೆ ಭಿಕ್ಷೆಗೆ ಹೊರಟನು. ಸುದ್ದಿ ಕೇಳಿದ ತಂದೆ ಶುದ್ಧೋದನನು ಉಟ್ಟ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಓಡಿಬಂದನು. ಅರಮನೆಯಲ್ಲಿ ಅನ್ನಕ್ಕೆ ಕೊರತೆಯೆ? ನಮ್ಮ ವಂಶದಲ್ಲಿ ಯಾರೂ ಹೀಗೆ ಬೇಡಿದವರಿಲ್ಲ ಎಂದು ನೊಂದುಕೊಂಡನು. ಅದು ನಿನ್ನ ರಾಜವಂಶದ ಮಾತು, ನಾನು ಬುದ್ಧರ ವಂಶದವನು, ಆ ವಂಶದವರೆಲ್ಲ ಭಿಕ್ಷೆಯಿಂದಲೇ ಬದುಕಿದರು ಎಂಬುದು ಮಗನ ಉತ್ತರ. ತಂದೆಯ ಸಂಕಟ ನಮಗೆ ಕೂಡಲೇ ಅರ್ಥವಾಗುತ್ತದೆ. ಮಗನ ಉತ್ತರ ಅರ್ಥವಾಗಬೇಕಾದರೆ ಅವನ ಸಂಘದ ಕಟ್ಟಳೆಗಳನ್ನು ಸ್ವಲ್ಪ ನೋಡಬೇಕು.

ಭಿಕ್ಷು ಎಂಬ ಶಬ್ದಕ್ಕೆ ಬೇಡುವವನು ಎಂದೇ ಅರ್ಥ. ಆದರೆ ವಿನಯದ ನಿಯಮಗಳ ಪ್ರಕಾರ ಕಾಯಿಲೆಯಿಲ್ಲದ ಭಿಕ್ಷು ತನಗಾಗಿ ಇಂಥದೇ ಬೇಕೆಂದು ಬಾಯಿಬಿಟ್ಟು ಕೇಳುವಂತಿಲ್ಲ. ಮೌನವಾಗಿ ನಿಲ್ಲಬೇಕು, ಹಾಕಿದರೆ ಸರಿ, ಹಾಕದಿದ್ದರೆ ಮುಂದಿನ ಮನೆ. ಇನ್ನೊಬ್ಬರು ನೀಡದ ಆಹಾರವನ್ನು ಅವನು ಬಾಯಿಗಿಡುವಂತಿಲ್ಲ. ನೀರು ಮತ್ತು ಹಲ್ಲುಕಡ್ಡಿ ಇವೆರಡಕ್ಕೆ ಮಾತ್ರ ವಿನಾಯಿತಿ. ನಡುಹಗಲು ದಾಟಿದ ಮೇಲೆ ಊಟವಿಲ್ಲ. ನಾಳೆಗೆಂದು ಅನ್ನವನ್ನು ಕೂಡಿಡುವಂತಿಲ್ಲ. ನೆಲವನ್ನು ಅಗೆದು ಬೆಳೆದುಕೊಳ್ಳುವಂತೆಯೂ ಇಲ್ಲ. ಒಟ್ಟಿನಲ್ಲಿ, ಪ್ರತಿದಿನವೂ ಅವನ ಬದುಕು ಬರಿದಾದ ಪಾತ್ರೆಯಿಂದಲೇ ಆರಂಭವಾಗಬೇಕು. ಲೋಕವನ್ನು ತೊರೆದವನು ಲೋಕಕ್ಕೆ ಬೆನ್ನು ತಿರುಗಿಸಿ ಕಾಡಿನಲ್ಲಿ ಗೆಡ್ಡೆಗೆಣಸು ತಿಂದು ಬದುಕಬಹುದಾಗಿತ್ತು. ಬುದ್ಧನು ಹಾಗೆ ಬಿಡಲಿಲ್ಲ. ಬೆಳಗಾಗುತ್ತಲೇ ಊರೊಳಕ್ಕೆ ನಡೆ, ಗೃಹಸ್ಥರ ಬಾಗಿಲಲ್ಲಿ ನಿಲ್ಲು, ನಿನ್ನ ಪ್ರಾಣ ಅವರ ಕೈಯಲ್ಲಿದೆ ಎಂಬುದನ್ನು ದಿನವೂ ನೆನೆ ಎಂದು ವಿಧಿಸಿದನು. ಅಹಂಕಾರವನ್ನು ಅಳಿಸುವುದಕ್ಕೆ ಇದಕ್ಕಿಂತ ನೇರವಾದ ಸಾಧನೆ ಇನ್ನಾವುದಿದೆ?

ಈ ಶಿಸ್ತು ಬಹು ಸಣ್ಣ ಸಂಗತಿಗಳಿಗೂ ಇಳಿದಿದೆ. ಭಿಕ್ಷೆಯನ್ನು ಸ್ವೀಕರಿಸುವಾಗ ಗಮನವೆಲ್ಲ ಪಾತ್ರೆಯ ಮೇಲಿರಬೇಕು, ಅತ್ತಿತ್ತ ನೋಡಬಾರದು. ಅನ್ನಕ್ಕೆ ತಕ್ಕಷ್ಟೇ ವ್ಯಂಜನ ಪಡೆಯಬೇಕು. ಪಾತ್ರೆ ಕಂಠಮಟ್ಟವನ್ನು ಮೀರಿ ತುಂಬಬಾರದು. ಇನ್ನೊಂದು ನಿಯಮವಂತೂ ಓದಿದವರ ಮುಖದಲ್ಲಿ ನಗು ತರಿಸುತ್ತದೆ: ಇನ್ನಷ್ಟು ಸಿಗಲೆಂಬ ಆಸೆಯಿಂದ, ಬಿದ್ದಿರುವ ವ್ಯಂಜನವನ್ನು ಅನ್ನದಿಂದ ಮುಚ್ಚಿಕೊಳ್ಳಬಾರದು! ಪಂಕ್ತಿಯ ಊಟದಲ್ಲಿ ಕುಳಿತು ಬಲ್ಲ ನಮಗೆ ಈ ಉಪಾಯ ಹೊಸದಲ್ಲ. ಎರಡೂವರೆ ಸಾವಿರ ವರ್ಷಗಳ ಹಿಂದಿನ ನಾಲಗೆಯೂ ನಮ್ಮ ನಾಲಗೆಯಂತೆಯೇ ಇತ್ತು. ಅದನ್ನು ಅರಿತೇ ನಿಯಮ ಹುಟ್ಟಿತು. ಹೂವಿನ ಬಣ್ಣಕ್ಕೂ ಗಂಧಕ್ಕೂ ಕುಂದು ತಾರದೆ ಮಧುವನ್ನಷ್ಟೇ ಒಯ್ಯುವ ದುಂಬಿಯ ಹೋಲಿಕೆಯನ್ನು ಧಮ್ಮಪದ ಭಿಕ್ಷುವಿಗೆ ಕೊಡುತ್ತದೆ. ಮಧುಕರವೃತ್ತಿ ಎಂಬ ಮಾತು ಹರಿದಾಸರ ಮೂಲಕ ನಮಗೂ ಪರಿಚಿತವಾದುದೇ.

ಇಲ್ಲಿ ಒಂದು ಶಬ್ದವನ್ನು ಕುರಿತು ಯೋಚಿಸಬಹುದು. ಪಾತ್ರ ಎಂಬ ಸಂಸ್ಕೃತ ಶಬ್ದಕ್ಕೆ ಕೊಳ್ಳುವ ಭಾಂಡ ಎಂಬ ಅರ್ಥವೂ ಉಂಟು, ದಾನಕ್ಕೆ ಯೋಗ್ಯನಾದ ವ್ಯಕ್ತಿ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ಅಡುಗೆಮನೆಯ ಪಾತ್ರೆಯೂ ಅದೇ, ಅಪಾತ್ರದಾನದ ಪಾತ್ರವೂ ಅದೇ. ಭಿಕ್ಷುವಿನ ಕೈಯಲ್ಲಿ ಎರಡು ಅರ್ಥಗಳೂ ಒಂದಾಗುತ್ತವೆ. ಪಾತ್ರೆ ಹಿಡಿದವನು ಪಾತ್ರನೂ ಆಗಿರಬೇಕು.

ಹಾಗಾದರೆ ಭಿಕ್ಷು ಸಮಾಜಕ್ಕೆ ಕೊಡುವುದೇನು? ದುಡಿಯದೆ ಉಣ್ಣುವವನಲ್ಲವೆ ಅವನು? ಈ ಪ್ರಶ್ನೆಯನ್ನು ಬುದ್ಧನ ಮುಖದೆದುರಿಗೇ ಕೇಳಿದವನು ಮಗಧ ದೇಶದ ಕಸಿ ಭಾರದ್ವಾಜನೆಂಬ ಬ್ರಾಹ್ಮಣ ಕೃಷಿಕ. ಬಿತ್ತನೆಯ ಕಾಲ. ಹೊಲದಲ್ಲಿ ಐನೂರು ನೇಗಿಲುಗಳನ್ನು ಹೂಡಿಸಿದ್ದನು. ಆಳುಗಳಿಗೆ ಬುತ್ತಿ ಹಂಚುವ ಹೊತ್ತಿಗೆ ಬುದ್ಧನು ಬಂದು ನಿಂತನು. ನಾನು ಉತ್ತು ಬಿತ್ತಿ ಉಣ್ಣುತ್ತೇನೆ, ನೀನೂ ಹಾಗೆಯೇ ಮಾಡು ಎಂದನು ಬ್ರಾಹ್ಮಣ. ನಾನೂ ಉತ್ತು ಬಿತ್ತಿಯೇ ಉಣ್ಣುತ್ತೇನೆ ಎಂದು ಬುದ್ಧನು ತನ್ನ ಸಾಧನೆಯನ್ನೇ ಬೀಜ, ಮಳೆ, ನೊಗ, ನೇಗಿಲುಗಳಾಗಿ ಪದ್ಯದಲ್ಲಿ ವಿವರಿಸಿದನು. ಬ್ರಾಹ್ಮಣನು ಸಂತೋಷಗೊಂಡು ಕಂಚಿನ ಪಾತ್ರೆಯ ತುಂಬ ಪಾಯಸವನ್ನು ಮುಂದಿಟ್ಟನು. ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಚತುರೋಕ್ತಿಯ ಒಂದು ಪ್ರಸಂಗವಾಗುತ್ತಿತ್ತು, ಅಷ್ಟೆ. ಆದರೆ ಬುದ್ಧನು ಆ ಪಾಯಸವನ್ನು ಮುಟ್ಟಲಿಲ್ಲ. ಪದ್ಯ ಹೇಳಿ ಗಳಿಸಿದ್ದು ಭಿಕ್ಷೆಯಲ್ಲ. ಅದನ್ನು ತಾನು ಉಣ್ಣತಕ್ಕದ್ದಲ್ಲ ಎಂದನು. ಧರ್ಮವನ್ನು ಹೇಳಿದ್ದು ಪಾಯಸಕ್ಕಾಗಿ ಅಲ್ಲ. ಪಾಯಸವನ್ನು ಕೊಡಬೇಕಾದದ್ದೂ ಧರ್ಮವನ್ನು ಕೊಳ್ಳುವುದಕ್ಕಾಗಿ ಅಲ್ಲ. ಗೃಹಸ್ಥನು ಅನ್ನ, ವಸ್ತ್ರ, ವಸತಿ, ಔಷಧಗಳನ್ನು ಕೊಡುತ್ತಾನೆ. ಭಿಕ್ಷು ಧರ್ಮವನ್ನು ಕೊಡುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಆಶ್ರಯಿಸಿದವರು ಎಂದು ಬೌದ್ಧಗ್ರಂಥಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಆದರೆ ಅದಕ್ಕೆ ತಕ್ಕಡಿಯಿಲ್ಲ. ತಕ್ಕಡಿ ಬಂದೊಡನೆ ಅದು ವ್ಯಾಪಾರವಾಗುತ್ತದೆ.

ಪಡೆಯುವುದು ಹೀಗೆ ಸ್ವತಂತ್ರವಾದ ಕ್ರಿಯೆಯಾದರೆ, ಪಡೆಯದಿರುವುದಕ್ಕೂ ಶಕ್ತಿ ಬರುತ್ತದೆ. ವಿನಯಪಿಟಕದ ಚುಲ್ಲವಗ್ಗದಲ್ಲಿ ವಡ್ಢನೆಂಬ ಲಿಚ್ಛವಿಯ ಕಥೆಯಿದೆ. ಕೆಲವು ಕೆಟ್ಟ ಭಿಕ್ಷುಗಳ ಚಿತಾವಣೆಯಿಂದ ಅವನು ದಬ್ಬ ಮಲ್ಲಪುತ್ತನೆಂಬ ಸಜ್ಜನ ಭಿಕ್ಷುವಿನ ಮೇಲೆ, ತನ್ನ ಹೆಂಡತಿಯನ್ನು ಕೆಡಿಸಿದನೆಂಬ ಸುಳ್ಳು ಆರೋಪ ಹೊರಿಸಿದನು. ವಿಚಾರಿಸಿದಾಗ ನಿಜ ತಿಳಿಯಿತು. ಸಂಘವು ಅವನಿಗೆ ಕೊಟ್ಟ ಶಿಕ್ಷೆ ಯಾವುದು? ದಂಡವಲ್ಲ, ಶಾಪವಲ್ಲ. ಅವನ ಪಾಲಿಗೆ ಭಿಕ್ಷಾಪಾತ್ರೆಯನ್ನು ಮಗುಚಿ ಹಾಕಿತು. ಅಂದರೆ ಇನ್ನು ಮುಂದೆ ಯಾವ ಭಿಕ್ಷುವೂ ಅವನಿಂದ ಏನನ್ನೂ ಸ್ವೀಕರಿಸುವಂತಿಲ್ಲ. ಮರುದಿನ ಬೆಳಗ್ಗೆ ಆನಂದನು ಹೋಗಿ ಈ ಸುದ್ದಿಯನ್ನು ತಿಳಿಸಿದಾಗ ವಡ್ಢನು ಮೂರ್ಛೆ ಹೋದನು. ಆಮೇಲೆ ಒದ್ದೆ ಬಟ್ಟೆ, ಒದ್ದೆ ತಲೆಯಲ್ಲಿ ಬಂಧುಬಳಗದೊಡನೆ ಬಂದು ಬುದ್ಧನ ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡನು. ಪಾತ್ರೆ ಮತ್ತೆ ನೆಟ್ಟಗಾಯಿತು. ಭಿಕ್ಷೆ ಸಿಗದೆ ಹಸಿದು ಮೂರ್ಛೆ ಹೋದವರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ತಾನು ಕೊಡುವುದನ್ನು ಯಾರೂ ಪಡೆಯುವುದಿಲ್ಲವೆಂದು ಮೂರ್ಛೆ ಹೋದವನ ಕಥೆ ಇದೊಂದೇ ಇರಬೇಕು.

ಇದು ಹಳೆಯ ಗ್ರಂಥದ ಮಾತೆಂದು ತಿಳಿಯಬಾರದು. ಬರ್ಮಾ ದೇಶದಲ್ಲಿ, ಅಂದರೆ ಇಂದಿನ ಮ್ಯಾನ್ಮಾರಿನಲ್ಲಿ, 1990ರ ಆಗಸ್ಟ್ 8ರಂದು ಮಂಡಾಲೆ ನಗರದ ಬೀದಿಗಳಲ್ಲಿ ಭಿಕ್ಷುಗಳು ಸಾವಿರಾರು ಸಂಖ್ಯೆಯಲ್ಲಿ ಪಾತ್ರೆ ಹಿಡಿದು ನಡೆದರು. ಅದು 1988ರ ಜನಾಂದೋಲನದ ಎರಡನೆಯ ವರ್ಷದ ನೆನಪಿನ ದಿನ. ಸೈನಿಕರು ಗುಂಡು ಹಾರಿಸಿದರು. ಆ ಬಳಿಕ ಅಲ್ಲಿನ ಸಂಘ ಸೇನೆಯವರ ಮತ್ತು ಅವರ ಕುಟುಂಬಗಳ ಪಾಲಿಗೆ ಪಾತ್ರೆಯನ್ನು ಮಗುಚಿತು. ಬಂದೂಕು ಹಿಡಿದ ಸರ್ಕಾರವು ಬರಿಗೈ ಭಿಕ್ಷುಗಳ ಈ ನಿರಾಕರಣೆಗೆ ಎಷ್ಟು ಕಳವಳಗೊಂಡಿತೆಂದರೆ, ಅಕ್ಟೋಬರಿನಲ್ಲಿ ಬಹಿಷ್ಕಾರವನ್ನು ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿ ವಿಹಾರಗಳ ಮೇಲೆ ದಾಳಿ ನಡೆಸಿತು. ಮತ್ತೆ 2007ರ ಸೆಪ್ಟೆಂಬರಿನಲ್ಲಿ ಪಕೊಕ್ಕು ಪಟ್ಟಣದಲ್ಲಿ ಭಿಕ್ಷುಗಳಿಗೆ ಸೈನಿಕರ ಏಟು ಬಿದ್ದಾಗ, ಸಂಘದವರು ಕ್ಷಮೆ ಕೇಳಬೇಕೆಂದು ಗಡುವು ಕೊಟ್ಟರು, ಕ್ಷಮೆ ಬರಲಿಲ್ಲ, ಪಾತ್ರೆ ಮತ್ತೊಮ್ಮೆ ಮಗುಚಿತು. ಮೈತ್ರಿಯ ಸುತ್ತವನ್ನು ಪಠಿಸುತ್ತ ಅವರು ಬೀದಿಗಳಲ್ಲಿ ನಡೆದುದನ್ನು ಜಗತ್ತೇ ನೋಡಿತು. ಆ ಚಳವಳಿಯನ್ನೂ ಬಲಪ್ರಯೋಗದಿಂದ ಅಡಗಿಸಿದರು. ಆದರೆ ಒಂದು ಸತ್ಯ ಬೆಳಕಿಗೆ ಬಂದಿತು: ಏನನ್ನು ಬೇಕಾದರೂ ಕಿತ್ತುಕೊಳ್ಳಬಲ್ಲ ಅಧಿಕಾರಕ್ಕೂ, ಒಂದು ಸೌಟು ಅನ್ನವನ್ನು ಬಲವಂತದಿಂದ ದಾನ ಮಾಡಲು ಸಾಧ್ಯವಿಲ್ಲ.

ಇದೇ ತತ್ತ್ವದ ಇನ್ನೊಂದು ಮುಖವನ್ನು ಅಕ್ಕೋಸಕ ಭಾರದ್ವಾಜನ ಪ್ರಸಂಗದಲ್ಲಿ ಕಾಣುತ್ತೇವೆ. ಅವನು ಕೋಪಗೊಂಡು ಬಂದು ಬುದ್ಧನನ್ನು ಬಾಯಿಗೆ ಬಂದಂತೆ ಬೈದನು. ಬುದ್ಧನು ಕೇಳಿದ್ದು ಇಷ್ಟೆ: ನಿನ್ನ ಮನೆಗೆ ನೆಂಟರು ಬರುತ್ತಾರೆಯೆ? ಅವರಿಗೆ ಅಡುಗೆ ಮಾಡಿ ಬಡಿಸುತ್ತೀಯೆ? ಅವರು ಅದನ್ನು ಸ್ವೀಕರಿಸದಿದ್ದರೆ ಅದು ಯಾರ ಪಾಲಿಗೆ? ನನ್ನ ಪಾಲಿಗೇ ಎಂದನು ಬ್ರಾಹ್ಮಣ. ಈ ಬೈಗುಳವೂ ಹಾಗೆಯೇ, ನಾನು ಇದನ್ನು ಸ್ವೀಕರಿಸಲಿಲ್ಲ ಎಂದನು ಬುದ್ಧ. ಪಡೆಯುವುದರಲ್ಲಿ ವಿವೇಕವಿರಬೇಕು. ಮುಂದೆ ಬಂದದ್ದೆಲ್ಲ ಪಾತ್ರೆಗೆ ಬೀಳಬೇಕಾಗಿಲ್ಲ.

ಇನ್ನು ಕೊಡುವವರ ಕಡೆಗೆ ಬರೋಣ. ಸಾವತ್ಥಿಯ ವಿಶಾಖೆ ಬುದ್ಧನ ಬಳಿಗೆ ಬಂದು ಎಂಟು ವರಗಳನ್ನು ಬೇಡಿದಳು. ಏನು ಆ ವರಗಳು? ಮಳೆಗಾಲದಲ್ಲಿ ಸಂಘಕ್ಕೆ ಬಟ್ಟೆ ಕೊಡುವ ವರ. ಊರಿಗೆ ಬರುವ ಭಿಕ್ಷುಗಳಿಗೆ, ಹೊರಡುವ ಭಿಕ್ಷುಗಳಿಗೆ, ರೋಗಿಗಳಿಗೆ, ರೋಗಿಗಳ ಆರೈಕೆ ಮಾಡುವವರಿಗೆ ಅನ್ನ ಕೊಡುವ ವರ. ಔಷಧ ಕೊಡುವ, ನಿತ್ಯ ಗಂಜಿ ಕೊಡುವ, ಭಿಕ್ಷುಣಿಯರಿಗೆ ಸ್ನಾನದ ವಸ್ತ್ರ ಕೊಡುವ ವರ. ಕೊಡುವವಳೇ ಇಲ್ಲಿ ಬೇಡುವವಳು! ಅವಳ ಕಣ್ಣಿನ ಸೂಕ್ಷ್ಮತೆಯನ್ನು ಗಮನಿಸಿರಿ. ರೋಗಿಯ ಆರೈಕೆಗೆ ನಿಂತವನು ತನ್ನ ಅನ್ನಕ್ಕಾಗಿ ಅಲೆಯುತ್ತಿದ್ದರೆ ರೋಗಿಗೆ ಅನ್ನ ಒಯ್ಯುವುದು ತಡವಾಗುತ್ತದೆ ಎಂಬುದನ್ನು ಅವಳು ಕಂಡಿದ್ದಳು. ದಾನವೆಂದರೆ ಮೊದಲು ನೋಡುವುದು, ಆಮೇಲೆ ನೀಡುವುದು.

ಜೇತವನದ ನೆಲಕ್ಕೆ ಹೊನ್ನಿನ ನಾಣ್ಯಗಳನ್ನು ಹಾಸಿ ಕೊಂಡು ಸಂಘಕ್ಕೆ ಕೊಟ್ಟ ಅನಾಥಪಿಂಡಿಕ ಶ್ರೇಷ್ಠಿಯೂ ಮುಂದೊಂದು ದಿನ, ಮನೆಯಲ್ಲಿ ಈಗ ದಾನ ಕೊಡುವುದು ನುಚ್ಚಕ್ಕಿಯ ಅನ್ನ ಮತ್ತು ಹುಳಿಗಂಜಿ ಮಾತ್ರ ಎಂದು ಹೇಳಬೇಕಾಯಿತು. ಒರಟಾದುದಾಗಲಿ ನಯವಾದುದಾಗಲಿ, ಆದರದಿಂದ, ತನ್ನ ಕೈಯಾರೆ, ಎಂಜಲಲ್ಲದ್ದನ್ನು ಕೊಡುವುದೇ ಮುಖ್ಯವೆಂದು ಬುದ್ಧನು ಅವನಿಗೆ ತಿಳಿಯಹೇಳಿದನು. ಏನೂ ಇಲ್ಲದವನ ಗತಿಯೇನು? ಕೊಲ್ಲದಿರುವುದು, ಕದಿಯದಿರುವುದು ಮೊದಲಾದ ಐದು ಶೀಲಗಳನ್ನೇ ಐದು ಮಹಾದಾನಗಳೆಂದು ಅಂಗುತ್ತರ ನಿಕಾಯ ಕರೆಯುತ್ತದೆ. ನನ್ನಿಂದ ನಿಮಗೆ ಭಯವಿಲ್ಲ ಎಂಬುದನ್ನು ಎಲ್ಲ ಜೀವಿಗಳಿಗೆ ಕೊಡಲು ಹಣ ಬೇಕಾಗಿಲ್ಲ.

ಬುದ್ಧನ ಸಾಕುತಾಯಿ ಮಹಾಪ್ರಜಾಪತಿ ಗೌತಮಿ ತಾನೇ ನೂತು ನೇಯ್ದ ಹೊಸ ವಸ್ತ್ರಗಳ ಜೋಡಿಯನ್ನು ಮಗನಿಗೆಂದು ತಂದಳು. ಮೂರು ಸಲ ಕೇಳಿಕೊಂಡರೂ ಅವನು, ಸಂಘಕ್ಕೆ ಕೊಡು, ಅದರಿಂದ ನನಗೂ ಕೊಟ್ಟಂತಾಗುತ್ತದೆ ಎಂದನು. ತಾಯಿಯ ಮನಸ್ಸಿಗೆ ಇದು ಕಠಿಣವಾಗಿ ತೋರಿರಬೇಕು. ಆದರೆ ಅಕ್ಕರೆ ಒಬ್ಬನಲ್ಲಿಯೇ ನಿಂತುಬಿಡದೆ ಹಲವರಿಗೆ ಹರಿಯುವ ದಾರಿಯನ್ನು ಅವನು ತೋರಿಸಿದನು. ಆ ಸಂಘದ ಭಿಕ್ಷುಗಳೂ ಪಡೆಯುವವರಾಗಿಯೇ ಉಳಿಯಲಿಲ್ಲ. ಸಾಂಚಿಯ ಸ್ತೂಪದ ಕಲ್ಲುಗಳ ಮೇಲೆ ದಾನಿಗಳ ಹೆಸರುಗಳನ್ನು ಕೊರೆದಿದ್ದಾರೆ. ಅವರಲ್ಲಿ ವರ್ತಕರು, ಗೃಹಿಣಿಯರು ಇರುವಂತೆ ಭಿಕ್ಷುಗಳೂ ಭಿಕ್ಷುಣಿಯರೂ ಧಾರಾಳವಾಗಿ ಇದ್ದಾರೆ. ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಭೀಮಾ ನದಿಯ ದಂಡೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಅಗೆತದಿಂದ ಹೊರಬಂದ ಸ್ತೂಪದ ಚಪ್ಪಡಿಗಳ ಮೇಲೂ ಬ್ರಾಹ್ಮೀ ಲಿಪಿಯ ದಾನಶಾಸನಗಳಿವೆ. ಬಹು ಕಾಲದ ಮೇಲೆ, 1095ರಲ್ಲಿ, ಡಂಬಳದ ಸೆಟ್ಟಿಗಳು ತಾರಾದೇವಿಯ ವಿಹಾರಕ್ಕೆ ದತ್ತಿ ಬಿಟ್ಟರು. ಈ ಕೊಡುಕೊಳೆ ನಮ್ಮ ನೆಲದಲ್ಲಿಯೂ ಸಾವಿರ ವರ್ಷಕ್ಕೂ ಮಿಕ್ಕಿ ನಡೆದಿತ್ತು.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು. ಸಂಘವನ್ನು ಪುಣ್ಯಕ್ಷೇತ್ರವೆಂದು ಕರೆದು, ಅಲ್ಲಿ ಬಿತ್ತಿದ ದಾನ ಹೆಚ್ಚಿನ ಫಲ ಕೊಡುತ್ತದೆಂದು ಸಾರಿದ ಮೇಲೆ, ಜನರು ಪುಣ್ಯದ ಲೆಕ್ಕ ಇಡಲಿಲ್ಲವೆ? ಸಿರಿವಂತ ವಿಹಾರಗಳು ಇನ್ನಷ್ಟು ಸಿರಿವಂತವಾಗಲಿಲ್ಲವೆ? ಬಡವರ ಹೊಟ್ಟೆಯ ಪಾಡೇನು? ಆಕ್ಷೇಪದಲ್ಲಿ ಸತ್ಯವಿದೆ, ಬೌದ್ಧ ದೇಶಗಳ ಇತಿಹಾಸ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂಲಗ್ರಂಥಗಳು ಈ ವಿಷಯದಲ್ಲಿ ಕುರುಡಾಗಿರಲಿಲ್ಲ. ದೀಘ ನಿಕಾಯದ ಕೂಟದಂತ ಸುತ್ತದಲ್ಲಿ, ಮಹಾಯಜ್ಞ ಮಾಡಬೇಕೆಂದಿದ್ದ ರಾಜನಿಗೆ ಪುರೋಹಿತನು ಕೊಡುವ ಸಲಹೆಯೇ ಬೇರೆ: ಕೃಷಿಕರಿಗೆ ಬೀಜವನ್ನೂ ಮೇವನ್ನೂ, ವರ್ತಕರಿಗೆ ಬಂಡವಾಳವನ್ನೂ, ನೌಕರರಿಗೆ ಅನ್ನ ಸಂಬಳಗಳನ್ನೂ ಕೊಡು, ಕಳ್ಳತನ ತಾನಾಗಿ ನಿಲ್ಲುತ್ತದೆ. ಅದೇ ನಿಕಾಯದ ಇನ್ನೊಂದು ಸುತ್ತದಲ್ಲಿ, ರಾಜನು ದರಿದ್ರರಿಗೆ ಧನ ಕೊಡುವುದನ್ನು ಮರೆತದ್ದರಿಂದಲೇ ಬಡತನ, ಬಡತನದಿಂದ ಕಳವು, ಕಳವಿನಿಂದ ಕೊಲೆ, ಕೊಲೆಯಿಂದ ಸುಳ್ಳು ಹೀಗೆ ಲೋಕವೇ ಕೆಡುತ್ತ ಬಂದ ಬಗೆಯನ್ನು ವರ್ಣಿಸಿದೆ.

ಪಡೆಯುವವರಿಗೂ ಗ್ರಂಥಕಾರರು ಎಚ್ಚರಿಕೆ ಕೊಡದೆ ಬಿಡಲಿಲ್ಲ. ಕ್ರಿ.ಶ. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ಬುದ್ಧಘೋಷನು ರಚಿಸಿದ ವಿಸುದ್ಧಿಮಗ್ಗದಲ್ಲಿ, ಪಡೆದುದನ್ನು ಬಳಸುವ ನಾಲ್ಕು ಬಗೆಗಳನ್ನು ಹೇಳಿದ್ದಾನೆ. ಶೀಲಗೆಟ್ಟವನು ಉಂಡರೆ ಅದು ಕಳವು. ಶೀಲವಂತನಾದರೂ, ಇದು ಏತಕ್ಕೆ, ಎಷ್ಟು ಎಂದು ಯೋಚಿಸದೆ ಉಂಡರೆ ಅದು ಸಾಲ. ಸಾಧನೆಯ ಮೆಟ್ಟಿಲುಗಳನ್ನು ಏರುತ್ತಿರುವವನು ಉಂಡರೆ ಅದು ತಂದೆಯ ಆಸ್ತಿಯಲ್ಲಿ ಮಗನ ಪಾಲಿದ್ದಂತೆ. ಆಸೆಯ ದಾಸ್ಯವನ್ನು ದಾಟಿದ ಅರ್ಹಂತನು ಉಂಡರೆ ಮಾತ್ರ ಅದು ಒಡೆಯನ ಊಟ. ಕಳವು, ಸಾಲ, ಪಾಲು, ಒಡೆತನ: ಒಂದೇ ತುತ್ತು ಉಣ್ಣುವವನ ಮನಸ್ಸಿಗೆ ತಕ್ಕಂತೆ ನಾಲ್ಕಾಗುತ್ತದೆ.

ಈ ಮಾತಿನ ಅರ್ಥ ನನಗೆ ತರಗತಿಯಲ್ಲಿ ಪಾಠ ಹೇಳುವಾಗ ಆಗಿರಲಿಲ್ಲ. ನಿವೃತ್ತನಾದ ಮೇಲೆ ಒಮ್ಮೆ ಕೆಲವು ವಾರ ಹಾಸಿಗೆ ಹಿಡಿದಿದ್ದೆ. ಪಕ್ಕದ ಮನೆಯ ತಾಯಿಯೊಬ್ಬರು ದಿನವೂ ಮಧ್ಯಾಹ್ನ ಗಂಜಿ, ಸಾರು ತಂದಿಡುತ್ತಿದ್ದರು. ನಿಮಗೇಕಮ್ಮ ಇಷ್ಟು ತೊಂದರೆ ಎಂದು ನಾನು ದಿನವೂ ಹೇಳುತ್ತಿದ್ದೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಸಂಪ್ರದಾಯದಂತೆ ಅದರಲ್ಲಿ ಸಕ್ಕರೆಯೋ ಹಣ್ಣೋ ಹಾಕಿ ಅಂದೇ ಕಳುಹಿಸುತ್ತಿದ್ದೆ. ಒಂದು ದಿನ ಆಕೆ ನಗುತ್ತಲೇ, "ಮೇಷ್ಟ್ರೇ, ನನ್ನ ಗಂಜಿ ಒಂದು ರಾತ್ರಿಯಾದರೂ ನಿಮ್ಮ ಮನೆಯಲ್ಲಿ ಇರಲಿ ಬಿಡಿ" ಎಂದರು. ನಾನು ಮರ್ಯಾದೆಯೆಂದು ತಿಳಿದದ್ದು ಸಾಲ ತೀರಿಸುವ ಆತುರವೆಂದು ಅಂದು ಹೊಳೆಯಿತು. ಜೀವಮಾನವಿಡೀ ಕೊಡುವವನೆಂದು ಹೆಮ್ಮೆಪಟ್ಟುಕೊಂಡವನಿಗೆ ಒಂದು ಪಾತ್ರೆ ಗಂಜಿಯನ್ನು ನೆಟ್ಟಗೆ ಪಡೆಯಲು ಬರುತ್ತಿರಲಿಲ್ಲ.

ನೆಟ್ಟಗೆ ಪಡೆಯುವುದೆಂದರೇನು ಎಂಬುದಕ್ಕೆ ಬುದ್ಧನ ಕಡೆಯ ಊಟವೇ ನಿದರ್ಶನ. ಪಾವಾ ನಗರದ ಕಮ್ಮಾರ ಚುಂದನು ಭಕ್ತಿಯಿಂದ ಬಡಿಸಿದ ಸೂಕರಮದ್ದವವೆಂಬ ಭಕ್ಷ್ಯವನ್ನು ಎಂಬತ್ತು ವರ್ಷದ ಬುದ್ಧನು ಉಂಡನು. ಉಳಿದುದನ್ನು ಬೇರೆ ಯಾರಿಗೂ ಬಡಿಸದೆ ಹೂಳಿಬಿಡುವಂತೆ ಹೇಳಿದನು. ಆಮೇಲೆ ರಕ್ತಭೇದಿ, ತೀವ್ರವಾದ ನೋವು. ಆ ನೋವಿನಲ್ಲಿಯೇ ಕುಸಿನಾರೆಯ ಕಡೆಗೆ ನಡೆಯುತ್ತ ಅವನಿಗೆ ನೆನಪಾದದ್ದು ಚುಂದನ ಮನಸ್ಸು. ನಿನ್ನ ಊಟದಿಂದಲೇ ಬುದ್ಧನು ತೀರಿಕೊಂಡನೆಂದು ಯಾರಾದರೂ ಅಂದಾರು. ಆ ಕಮ್ಮಾರ ಜೀವನವಿಡೀ ಕೊರಗಬಾರದು. ಆದುದರಿಂದ ಆನಂದನಿಗೆ ಹೇಳಿಕೊಟ್ಟನು: ಎರಡು ಭಿಕ್ಷೆಗಳು ಉಳಿದೆಲ್ಲ ಭಿಕ್ಷೆಗಳಿಗಿಂತ ಮಿಗಿಲಾದುವು, ಅವೆರಡರ ಫಲವೂ ಸಮ ಎಂದು ಚುಂದನಿಗೆ ತಿಳಿಸು. ಉಂಡು ಜ್ಞಾನೋದಯ ಪಡೆದ ಭಿಕ್ಷೆ ಒಂದು, ಉಂಡು ಪರಿನಿರ್ವಾಣ ಹೊಂದುವ ಈ ಭಿಕ್ಷೆ ಇನ್ನೊಂದು.

ಮೊದಲನೆಯದು ಸುಜಾತೆಯ ಪಾಯಸವೆಂದು ಸಂಪ್ರದಾಯ ಹೇಳುತ್ತದೆ. ಪ್ರಾಣ ಉಳಿಸಿದ ಆ ಅನ್ನವನ್ನೂ ಪ್ರಾಣದೊಡನೆ ಹೋದ ಈ ಅನ್ನವನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ಆದರದಿಂದ ಸ್ವೀಕರಿಸಿದವನು ಅವನು. ಕೊಟ್ಟವನು ಕೊರಗದಂತೆ ನೋಡಿಕೊಳ್ಳುವುದು ಪಡೆದವನ ಕಡೆಯ ಕರ್ತವ್ಯವೆಂದು ಅವನು ತಿಳಿದಿದ್ದನು. ಹೀಗೆ ಪಡೆಯಬಲ್ಲವನಿಗೆ ಹಂಗೆಂಬುದು ಉಳಿಯುವುದಿಲ್ಲ. ಅವನ ಕೈ ಕೆಳಗಿದೆಯೋ ಮೇಲಿದೆಯೋ ಎಂದು ಕೇಳುವವರೂ ಇರುವುದಿಲ್ಲ.

(ಆಕಾಶವಾಣಿ ಭಾಷಣ. ಆಕಾಶವಾಣಿಯ ಸೌಜನ್ಯದಿಂದ.)